ಗುಡ್ಡದ ಕಾಲೇಜಿನ ಎಡಗಾಲಿನ ಪ್ಯಾಡು

ನಾನು ಹಾಕಿ ಆಟದಲ್ಲಿ ಗೋಲು ಕಾಯುವವನ ಎಡಗಾಲಿಗೆ ಕಟ್ಟುವ ಪ್ಯಾಡು. ಬಲಗಾಲಿನವನು ನನ್ನ ಅವಳಿ ಅಣ್ಣ. ಒಂದೇ ದಿನ ಹುಟ್ಟಿದೆವು, ಒಂದೇ ಕೈ ನಮ್ಮಿಬ್ಬರನ್ನೂ ಹೊಲಿಯಿತು. ನನ್ನ ಮಾತು ಒರಟು ಎನ್ನಿಸಬಹುದು. ಏಟು ತಿನ್ನಲೆಂದೇ ಹುಟ್ಟಿದವನ ಮಾತು ಇನ್ನು ಹೇಗಿರಬೇಕು?

ನಾನು ಹುಟ್ಟಿದ್ದು ದೂರದ ಜಲಂಧರದ ಒಂದು ಇಕ್ಕಟ್ಟು ಗಲ್ಲಿಯಲ್ಲಿ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಒಬ್ಬ ಮುದುಕ ದಪ್ಪ ಬಟ್ಟೆ ಕತ್ತರಿಸಿ, ಒಳಗೆ ಬೆತ್ತದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ, ನಡುನಡುವೆ ಹತ್ತಿ ಗಿಡಿದು ನನ್ನನ್ನು ಹೊಲಿದ. ಹಿಂದೆ ನಾಲ್ಕು ಚರ್ಮದ ಬೆಲ್ಟು, ನಾಲ್ಕು ಬಕಲ್ಲು. ಕೆಲಸ ಮುಗಿದ ಮೇಲೆ ಅವನು ಪ್ಯಾಡನ್ನು ತನ್ನ ಕಾಲಿಗೇ ಕಟ್ಟಿಕೊಂಡು ಮರದ ಸುತ್ತಿಗೆಯಿಂದ ತಾನೇ ಹೊಡೆದುಕೊಂಡು ನೋಡುತ್ತಿದ್ದ. ನೋವಾದರೆ ಬಿಚ್ಚಿ ಮತ್ತೆ ತುಂಬುತ್ತಿದ್ದ. ನನ್ನನ್ನು ಎರಡು ಸಲ ಬಿಚ್ಚಿದ, ಮೂರನೆಯ ಸಲ ನಕ್ಕ. ನಾನು ಕಂಡ ಮೊದಲ ಮನುಷ್ಯ ಅಷ್ಟು ನೆಟ್ಟಗಿದ್ದ. ಅದೇ ನನ್ನನ್ನು ಕೆಡಿಸಿತು. ಉಳಿದವರೂ ಹಾಗೇ ಇರುತ್ತಾರೆ ಎಂದುಕೊಂಡೆ.

ಹುಬ್ಬಳ್ಳಿಯ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ನಾಲ್ಕು ತಿಂಗಳು ಕೊಕ್ಕೆಗೆ ನೇತಾಡಿದೆವು. ಒಂದು ದಿನ ಕಮತಗಿ ಸರ್ ಬಂದರು. ಗುಡ್ಡದ ಕಾಲೇಜಿನ ಫಿಜಿಕಲ್ ಡೈರೆಕ್ಟರ್, ಹಾಕಿ ಕೋಚ್ ಕೂಡ ಅವರೇ. ಕಾಲೇಜಿಗೆ ಉದ್ದನೆಯ ಹೆಸರಿತ್ತು. ಆದರೆ ಊರಿನವರಿಗೆ ಅದು ಗುಡ್ಡದ ಕಾಲೇಜು. ಎದುರಾಳಿ, ಕೆರೆ ದಂಡೆಯ ಕೆರಿ ಕಾಲೇಜು. ಕಮತಗಿ ಸರ್ ಹತ್ತು ಜೋಡಿ ಪ್ಯಾಡು ಕೆಳಗಿಳಿಸಿ ಎಲ್ಲಕ್ಕಿಂತ ಬೆಳ್ಳಗಿದ್ದ ನಮ್ಮನ್ನು ಆರಿಸಿದರು. "ಹುಡುಗರ ಕಣ್ಣು ಕುಕ್ಕಬೇಕ್ ನೋಡ್ರಿ" ಎಂದರು. ನಾನು ಹಿಗ್ಗಿದೆ. ಹಿಗ್ಗಬಾರದಿತ್ತು.

ಅವರು ನಮ್ಮನ್ನು ನೇರ ಕಾಲೇಜಿಗೆ ಒಯ್ಯಲಿಲ್ಲ. ಬಸ್ಸಿನಲ್ಲಿ ಒಂದು ಸಣ್ಣ ಊರಿಗೆ, ಅಲ್ಲಿಯ ನದಾಫರ ಓಣಿಗೆ ಒಯ್ದರು. ಗೋಡೆಯ ಮೇಲೆ ಹತ್ತಿ ಹಿಂಜುವ ಬಿಲ್ಲು, ಮನೆ ತುಂಬ ಹಾರಾಡುವ ಹತ್ತಿಯ ಎಳೆ. ಗಾದಿ ತುಂಬುತ್ತ ಕೂತಿದ್ದವರು ಹುಸೇನಸಾಬರು. ಮಾತಿಗೊಮ್ಮೆ ಕೆಮ್ಮು. ಮೂವತ್ತು ವರ್ಷದ ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಅವರ ಮಗ ರಾಜೇಸಾಬ ಆಗಷ್ಟೇ ಪಿಯುಸಿ ಮುಗಿಸಿದ್ದ. ಮೂಲೆಯ ಹಗ್ಗಕ್ಕೆ ಅವನ ಪ್ಯಾಡು ನೇತಾಡುತ್ತಿದ್ದವು: ಗಾದಿಯ ಪಟ್ಟೆಪಟ್ಟೆ ಬಟ್ಟೆಯಲ್ಲಿ ಬಿದಿರಿನ ಸೀಳು ಇಟ್ಟು ಅಪ್ಪ ಹೊಲಿದುಕೊಟ್ಟವು. ಅವನ್ನು ಕಟ್ಟಿಕೊಂಡೇ ಅವನು ಜಿಲ್ಲೆಯ ಪಿಯು ಪಂದ್ಯದಲ್ಲಿ ಒಂದೂ ಗೋಲು ಬಿಡದೆ ಫೈನಲ್ ಮುಗಿಸಿದ್ದ.

"ನಿನ್ನೆ ಕೆರಿ ಕಾಲೇಜಿನವ್ರು ಬಂದಿದ್ರಂತಲ್ಲೋ?" ಎಂದರು ಕಮತಗಿ ಸರ್.

"ಹೌದ್ರಿ ಸರ. ಬಾ, ಆಡು ಅಂದ್ರು."

"ಏನ್ ತಂದಿದ್ರು?"

"ಏನಿಲ್ರಿ. ಸೈಕಲ್ ಮ್ಯಾಲ ಬಂದಿದ್ರು. ಚಾ ಕುಡದು ಹೋದ್ರು."

ಕಮತಗಿ ಸರ್ ನಕ್ಕು ಚೀಲ ಬಿಚ್ಚಿದರು. ನಮ್ಮನ್ನು ಹೊರತೆಗೆದು, ಆ ಮಣ್ಣಿನ ನೆಲದ ಮೇಲೆ ಮೊಣಕಾಲೂರಿ ಕೂತು, ರಾಜೇಸಾಬನ ಕಾಲಿಗೆ ತಾವೇ ಕಟ್ಟತೊಡಗಿದರು. ಹುಸೇನಸಾಬರು ಗಾಬರಿಯಾಗಿ ಎದ್ದೇಬಿಟ್ಟರು. "ಅಯ್ಯಯ್ಯ, ಗುರುಗಳು ಶಿಷ್ಯಾನ ಕಾಲು ಮುಟ್ಟೂದೇನ್ರೀ! ಪಾಪ ಹತ್ತತೈತ್ರಿ ನಮಗ!"

"ಇರ್ಲಿ ಬಿಡ್ರಿ. ಇವು ಇವನ ಸಲುವಾಗೇ ತಂದೀನಿ. ಇನ್ನ ಮೂರು ವರ್ಷ ಇವೇ ಇವನ ಕಾಲು."

ಆ ಗಳಿಗೆಯಲ್ಲೇ ಆ ಮನೆ ಸೋತಿತು. ಕಾಲು ಮುಟ್ಟಿದ ಗುರು ಸುಳ್ಳು ಹೇಳುತ್ತಾನೆಂದು ಆ ಓಣಿಯಲ್ಲಿ ಯಾರೂ ನಂಬುವವರಿರಲಿಲ್ಲ. ಆದರೂ ಹುಸೇನಸಾಬರು ಕೇಳಬೇಕಾದ್ದನ್ನು ಕೇಳಿದರು.

"ಸರ, ಒಂದ್ ಮಾತು. ಇಂವ ಆಡತಾನಲ್ರಿ? ಬರೇ ಕುಂದರಸೂದಲ್ಲ?"

"ಹುಸೇನಸಾಬ್ರ, ಗೋಲಿನ್ಯಾಗ ಇಬ್ರು ನಿಂದರತಾರೇನ್ರಿ? ಒಬ್ಬಾವ. ಆ ಒಬ್ಬಾವ ನಿಮ್ಮ ಮಗ."

ರಾಜೇಸಾಬ ಎದ್ದು, ನಮ್ಮನ್ನು ಕಟ್ಟಿಕೊಂಡೇ ಎರಡು ಹೆಜ್ಜೆ ಹಾಕಿ ನೋಡಿದ. ಅವನಿಗೆ ಬೇಕಾದದ್ದು ಬಹಳವಲ್ಲ. ಕಾಲೇಜು ಕಾಲೇಜುಗಳ ನಡುವಿನ ಪಂದ್ಯದಲ್ಲಿ ಆಡಿದವರಿಂದಲೇ ಯುನಿವರ್ಸಿಟಿ ತಂಡ ಆರಿಸುತ್ತಿದ್ದರು. ಆ ತಂಡಕ್ಕೆ ಹೋದವರನ್ನು ರೈಲ್ವೆಯವರು, ಪೊಲೀಸಿನವರು ಕರೆದು ಕೆಲಸ ಕೊಡುತ್ತಿದ್ದರು. ಅಪ್ಪನ ಎದೆಯಲ್ಲಿ ಕೂತ ಧೂಳು ತನ್ನ ಎದೆಗೆ ಇಳಿಯುವ ಮೊದಲು ಆ ಮನೆಯಿಂದ ಹೊರಬೀಳಬೇಕು. ಅದಕ್ಕೆ ಆಯ್ಕೆಯವರ ಕಣ್ಣೆದುರು ಗೋಲಿನಲ್ಲಿ ನಿಲ್ಲಬೇಕು. ಅಷ್ಟೇ.

ಜೂನಿನಲ್ಲಿ ಅವನು ಕಾಲೇಜಿಗೆ ಬಂದ. ಕಮತಗಿ ಸರ್ ಅವನ ಅಂಕಪಟ್ಟಿ, ಟಿ.ಸಿ. ಎಲ್ಲ ಇಸಿದುಕೊಂಡು "ಕಳೀತೀರಿ ನೀವು, ನನ್ನ ಕಡೆ ಇರ್ಲಿ" ಎಂದು ಕ್ರೀಡಾ ಕೋಣೆಯ ಕಪಾಟಿನಲ್ಲಿಟ್ಟರು. ನಾವೂ ಅದೇ ಕಪಾಟಿನಲ್ಲಿದ್ದೆವು. ಅಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಗೋಲ್‌ಕೀಪರ್ ಆಗಲೇ ಇದ್ದ! ಬಸಲಿಂಗ ಮುಳ್ಳೂರ. ಅವನೂ ಮೊದಲನೆಯ ವರ್ಷದವನೇ. ಅವನಿಗೂ ಕಮತಗಿ ಸರ್ "ಆ ಒಬ್ಬಾವ ನೀನ" ಎಂದೇ ಹೇಳಿ ಕರೆತಂದಿದ್ದರು.

ಬಸಲಿಂಗ ಕೆಟ್ಟವನಲ್ಲ. ಇಬ್ಬರನ್ನೂ ಹಾಸ್ಟೆಲಿನ ಒಂದೇ ಕೋಣೆಗೆ ಹಾಕಿದ್ದರು. ಅವನ ಮನೆಯ ರೊಟ್ಟಿ, ಇವನ ಮನೆಯ ಶೇಂಗಾ ಚಟ್ನಿ ಒಂದೇ ತಾಟಿನಲ್ಲಿ. ಬೆಳಗಿನ ಅಭ್ಯಾಸದಲ್ಲಿ ಸರದಿಯ ಮೇಲೆ ನಮ್ಮನ್ನು ಕಟ್ಟಿಕೊಳ್ಳುತ್ತಿದ್ದರು. ಇಬ್ಬರ ಕಾಲನ್ನೂ ನಾನು ಬಲ್ಲೆ. ಬಸಲಿಂಗ ಎತ್ತರ, ಧೈರ್ಯವಂತ. ಆದರೆ ಎಡಗಡೆ ನೆಲಕ್ಕಂಟಿ ಬರುವ ಚೆಂಡಿಗೆ ಅವನ ಕಾಲು ಯಾವಾಗಲೂ ಒಂದು ಗಳಿಗೆ ತಡ. ಎಡಗಾಲಿನವನು ನಾನು, ನನಗೆ ಗೊತ್ತಿಲ್ಲವೆ? ರಾಜೇಸಾಬನ ಕಾಲು ಚೆಂಡಿಗಿಂತ ಮೊದಲೇ ಅಲ್ಲಿರುತ್ತಿತ್ತು.

ಪಂದ್ಯಕ್ಕೆ ಮಾತ್ರ ನಮ್ಮನ್ನು ಬಸಲಿಂಗನೇ ಕಟ್ಟಿಕೊಂಡ. ಮೊದಲನೆಯ ವರ್ಷ "ನೋಡಿ ಕಲಿ" ಎಂದರು ಸರ್. ರಾಜೇಸಾಬ ನೋಡಿದ. ಪ್ರತಿ ಪಂದ್ಯದ ಮೊದಲು ಅವನೇ ಬಸಲಿಂಗನ ಕಾಲ ಬಳಿ ಕೂತು ನನ್ನ ಬೆಲ್ಟು ಬಿಗಿಯುತ್ತಿದ್ದ. ಹತ್ತಿ ಎಲ್ಲಿ ಗಂಟಾಗಿದೆ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ದಬ್ಬಣ ಹಾಕಿ ಒಳಗಿಂದ ಬಿಡಿಸುತ್ತಿದ್ದ. ಆಮೇಲೆ ತಂಡದ ಜರ್ಸಿ ಹಾಕಿಕೊಂಡು ಬೆಂಚಿನ ತುದಿಗೆ ಕೂರುತ್ತಿದ್ದ. ಮೂರು ವರ್ಷ ಅದೇ ಜಾಗ.

ಒಂದು ತಂಡಕ್ಕೆ ಹದಿನಾರು ಹೆಸರು. ಆ ಹೆಸರುಗಳ ಲಿಸ್ಟನ್ನು ಪ್ರತಿ ಪಂದ್ಯಕ್ಕೂ ಮೈದಾನದ ಬದಿಗೆ ಮೇಜು ಹಾಕಿ ಕೂತ ಅಧಿಕಾರಿಗಳಿಗೆ ಕೊಡಬೇಕು. ಕೆಳಗೆ ಕೋಚ್ ಮತ್ತು ಕ್ಯಾಪ್ಟನ್ ಸಹಿ ಹಾಕಬೇಕು. ಹದಿನೈದು ಜನರನ್ನು ರಾಜೇಸಾಬ ಬಲ್ಲ. ಹದಿನಾರನೆಯವನು ತಾನು. ಕಮತಗಿ ಸರ್ ಹಾಗೆಂದೇ ಹೇಳಿದ್ದರು. ಬೆಂಚಿನ ಮೇಲೆ ಪ್ರತಿ ವರ್ಷ ಒಬ್ಬ ಹೊಸ ಹುಡುಗನೂ ಬಂದು ಕೂರುತ್ತಿದ್ದ. ಬೂಟಿಗೆ ಮಣ್ಣು ಹತ್ತಿರುತ್ತಿರಲಿಲ್ಲ, ಸ್ಟಿಕ್ಕನ್ನು ಪೊರಕೆಯಂತೆ ಹಿಡಿಯುತ್ತಿದ್ದ. ಯಾರೋ ದೊಡ್ಡವರ ಮಗ, ನೋಡಲು ಬಂದಿದ್ದಾನೆ ಎಂದುಕೊಂಡಿದ್ದ ರಾಜೇಸಾಬ.

ನಿಜ ಏನೆಂದು ನನಗೆ ಎರಡನೆಯ ವರ್ಷ ತಿಳಿಯಿತು. ಕ್ರೀಡಾ ಕೋಣೆಯಲ್ಲಿ ಲಿಸ್ಟು ಟೈಪು ಮಾಡಿಕೊಂಡು ಬಂದ ಗುಮಾಸ್ತ ಹೂಗಾರ ಕೇಳಿದ: "ಸರ, ಆ ನದಾಫನ ಹೆಸರ ಇಲ್ಲಲ್ರಿ ಇದರಾಗ?"

"ಹದಿನಾರನೇದು ಕಾಲೇಜ್ ಕಮಿಟಿಯವ್ರ ಹುಡುಗಂದು. ಅವಗ ಸ್ಪೋರ್ಟ್ಸ್ ಸರ್ಟಿಫಿಕೇಟ್ ಬೇಕಂತ. ವರ್ಷಾ ಒಬ್ಬ ಇರತಾನಪಾ, ಏನ್ ಮಾಡೂದು."

"ಮತ್ತ ನದಾಫನ್ನ ಯಾಕ ಕರಕೊಂಡ ಬಂದ್ರಿ?"

ಕಮತಗಿ ಸರ್ ಚಹಾದ ಬಸಿ ಕೆಳಗಿಟ್ಟು ನಕ್ಕರು. "ಹೂಗಾರ, ನಾ ಅವನ್ನ ಆಡಸಾಕ ತಂದಿಲ್ಲೋ. ಕೆರಿ ಕಾಲೇಜಿನ್ಯಾಗ ಆಡಬಾರದಂತ ತಂದೀನಿ. ಅಂವ ಅಲ್ಲಿ ಗೋಲಿನ್ಯಾಗ ನಿಂತ್ರ ನಮಗ ಕಪ್ಪು ಬರತಿತ್ತೇನು?"

ಕಪಾಟಿನ ಕತ್ತಲಲ್ಲಿ ನಾನು ಅಣ್ಣನನ್ನು ನೋಡಿದೆ. ಅವನು ನನ್ನನ್ನು ನೋಡಿದ. ನಮ್ಮನ್ನು ಗಾಳದ ಹುಳು ಮಾಡಿದ್ದರು. ಮೀನನ್ನು ಹಿಡಿದದ್ದು ತಿನ್ನಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ. ಪಕ್ಕದವನ ಬಲೆಗೆ ಬೀಳದಿರಲಿ ಎಂದು. ಥೂ! ಬಾಯಿದ್ದಿದ್ದರೆ ಆವತ್ತೇ ಹೇಳುತ್ತಿದ್ದೆ. ಕೈಯಿದ್ದಿದ್ದರೆ ಆ ಬಸಿಯನ್ನು ಅವರ ಮುಖಕ್ಕೆ ಎತ್ತಿ ಹಾಕುತ್ತಿದ್ದೆ. ಪ್ಯಾಡಿಗೆ ಎರಡೂ ಇಲ್ಲ.

ಆ ವರ್ಷದ ಕೊನೆಗೆ ರಾಜೇಸಾಬ ಬಂದು ನಿಂತ. "ಸರ, ನನ್ನ ಟಿ.ಸಿ. ಕೊಡ್ರಿ. ಕೆರಿ ಕಾಲೇಜಿಗೆ ಹೊಕ್ಕೀನಿ."

"ಹೋಗಪಾ. ಕಾಲೇಜು ಬದಲಿ ಮಾಡಿದಾವನ್ನ ಯುನಿವರ್ಸಿಟಿಯವ್ರು ಒಂದ್ ವರ್ಷ ಆಡಗೊಡೂದಿಲ್ಲ. ನಿನಗ ಉಳದಿರೂದ ಒಂದ್ ವರ್ಷ. ಲೆಕ್ಕಾ ಹಾಕು." ಆಮೇಲೆ ಹೆಗಲ ಮೇಲೆ ಕೈಯಿಟ್ಟರು. "ಈ ಸಲ ನಿಂದ ಐತಿ ತಮ್ಮಾ. ನಾ ನಿನ್ನ ಕಾಲು ಮುಟ್ಟೀನಿ, ನೆನಪೈತಿಲ್ಲ?"

ಅವನಿಗೆ ನೆನಪಿತ್ತು. ಅದೇ ತಪ್ಪಾಯಿತು. ಉಳಿದ. ಈ ಸಲವಾದರೂ ಲಿಸ್ಟಿನಲ್ಲಿ ಅವನ ಹೆಸರು ಸೇರುತ್ತದೆ ಎಂದು ನಾನೂ ನಂಬಿದೆ.

ಮೂರನೆಯ ವರ್ಷದ ಫೈನಲ್. ಯುನಿವರ್ಸಿಟಿ ಮೈದಾನ, ಎದುರಿಗೆ ಕೆರಿ ಕಾಲೇಜು. ಆಯ್ಕೆಯವರು ಮೂರು ಜನ ಶಾಮಿಯಾನದ ಕೆಳಗೆ ಕೂತಿದ್ದರು. ಬಸಲಿಂಗ ಎರಡು ವರ್ಷದಿಂದ ಕ್ಯಾಪ್ಟನ್. ನಾವು ಎಂದಿನಂತೆ ಅವನ ಕಾಲಿಗೆ. ಅರ್ಧ ಆಟಕ್ಕೆ ಇಬ್ಬರದೂ ಒಂದೊಂದು ಗೋಲು. ವಿರಾಮಕ್ಕೆ ಇನ್ನೇನು ಶಿಳ್ಳೆ ಬೀಳಬೇಕು, ಆಗ ಕೆರಿ ಕಾಲೇಜಿನವನೊಬ್ಬ ಸಿಡಿಲಿನಂತೆ ಹೊಡೆದ. ಚೆಂಡು ಬಸಲಿಂಗನ ಹೆಬ್ಬೆರಳಿಗೆ ಬಡಿಯಿತು. ಕೈಗವಸು ತೆಗೆದರೆ ಬೆರಳು ಬದನೆಕಾಯಿಯಾಗಿತ್ತು. ಸ್ಟಿಕ್ಕು ಹಿಡಿಯುವಂತಿರಲಿಲ್ಲ.

"ರಾಜ್ಯಾ, ಕಟ್ಟಿಕೋಲೇ!" ಎಂದು ಹುಡುಗರೆಲ್ಲ ಕೂಗಿದರು.

ರಾಜೇಸಾಬ ಓಡಿ ಬಂದ. ಬಸಲಿಂಗನ ಕಾಲಿನಿಂದ ನನ್ನನ್ನು ಬಿಚ್ಚಿ ತನ್ನ ಕಾಲಿಗೆ ಕಟ್ಟಿಕೊಂಡ. ಮೂರು ವರ್ಷದಲ್ಲಿ ಪಂದ್ಯಕ್ಕೆಂದು ಮೊದಲ ಸಲ. ನನ್ನೊಳಗಿನ ಹತ್ತಿಯೆಲ್ಲ ಅವನ ಮೊಣಕಾಲ ಅಳತೆಗೆ ತಾನೇ ಸರಿದು ಕೂತಿತು. ನಾವಿಬ್ಬರೂ ಹುಟ್ಟಿದ್ದು ಉಳಿದರ್ಧ ಆಟದ ಈ ಮೂವತ್ತೈದು ನಿಮಿಷಕ್ಕೆ ಎನ್ನಿಸಿತು. ಅವನು ಗೋಲಿನತ್ತ ಹೊರಟ. ಗೋಲಿನ ಹಿಂಬದಿಯ ಹಲಗೆಯನ್ನು ಸ್ಟಿಕ್ಕಿನಿಂದ ಒಮ್ಮೆ ತಟ್ಟಿ ಎದುರಿಗೆ ತಿರುಗಿ ನಿಂತ. ಬಸಲಿಂಗ ಏನೋ ಹೇಳಲು ಹೋಗಿ ಸುಮ್ಮನಾದದ್ದನ್ನು ನಾನು ನೋಡಿದೆ. ಬೆರಳಿನ ನೋವು ಎಂದುಕೊಂಡೆ.

ಆಗ ಮೇಜಿನಿಂದ ಒಬ್ಬರು ಕೈಯೆತ್ತಿದರು. "ಏ ಗೋಲ್‌ಕೀಪರ್, ಇಲ್ಲಿ ಬಾರಪಾ. ಹೆಸರೇನು?"

"ರಾಜೇಸಾಬ ನದಾಫ್ರಿ."

ಅವರು ಲಿಸ್ಟಿನ ಮೇಲೆ ಬೆರಳು ಇಳಿಸುತ್ತ ಹೋದರು. ಮತ್ತೆ ಮೇಲಿನಿಂದ ಇಳಿಸಿದರು. "ನಿನ್ನ ಹೆಸರ ಇಲ್ಲಲ್ಲೋ."

"ಹದಿನಾರನೇದು ನೋಡ್ರಿ ಸರ."

"ಹದಿನಾರನೇದು ಬ್ಯಾರೇದಾವಂದೈತಿ. ನೀನ ನೋಡು."

ಅವನು ಬಗ್ಗಿ ನೋಡಿದ. ಹದಿನಾರನೆಯ ಹೆಸರು ಬೆಂಚಿನ ಮೇಲೆ ಚಿಪ್ಸು ತಿನ್ನುತ್ತ ಕೂತಿದ್ದ ಆ ಹುಡುಗನದು. ಕೆಳಗೆ ಎರಡು ಸಹಿ. ಒಂದು ಕಮತಗಿ ಸರ್‌ದು. ಇನ್ನೊಂದರ ಬಾಲ ಸುರುಳಿ ಸುತ್ತಿತ್ತು. ಹಾಸ್ಟೆಲಿನ ಪುಸ್ತಕಗಳ ಮೇಲೆ ದಿನವೂ ನೋಡಿದ ಸಹಿ. ಅವನು ಅದನ್ನೇ ನೋಡುತ್ತ ನಿಂತ. ಹಿಂದೆ ಅಂಪೈರು ಗಡಿಯಾರ ನೋಡುತ್ತಿದ್ದ.

"ಬಸ್ಯಾ" ಎಂದ, ತಿರುಗದೆ. "ಇದು ನಿಂದೇನಲೇ?"

ಬಸಲಿಂಗ ನೆಲ ನೋಡಿದ.

ಈಗ ಇವನು ಮೇಜು ಮಗುಚುತ್ತಾನೆ, ಕಮತಗಿಯ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ನಾನು ಕಾದೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ರಾಜೇಸಾಬ ಅಲ್ಲೇ ಹುಲ್ಲಿನ ಮೇಲೆ ಕೂತ. ಒಂದೊಂದೇ ಬೆಲ್ಟು ಬಿಚ್ಚಿದ. ಲಿಸ್ಟಿನಲ್ಲಿ ಬೇರೆ ಗೋಲ್‌ಕೀಪರ್ ಇಲ್ಲವಾದ್ದರಿಂದ ಆಡುವವರಲ್ಲೇ ಒಬ್ಬ ಗೋಲಿಗೆ ನಿಲ್ಲಬೇಕಿತ್ತು. ಬ್ಯಾಕ್ ಆಡುವ ಗೋವಿಂದ ಲಮಾಣಿ ಮುಖ ಸಣ್ಣದು ಮಾಡಿಕೊಂಡು ಮುಂದೆ ಬಂದ. ರಾಜೇಸಾಬ ಅವನ ಕಾಲಿಗೆ ನಮ್ಮನ್ನು ಕಟ್ಟಿದ.

"ಕೆಳಗಿನ ಬೆಲ್ಟು ಸಡಲ ಇರ್ಲಿ, ಇಲ್ಲಂದ್ರ ಓಡಾಕ ಬರೂದಿಲ್ಲ. ಬಾಲ್ ಬಂದ್ರ ಕಣ್ಣ ಮುಚ್ಚಬ್ಯಾಡ. ಮಣಕಾಲ ಕೂಡಸು. ಇವು ಬಿಡೂದಿಲ್ಲ, ಗಟ್ಟಿ ಅದಾವು."

ಗೋವಿಂದ ಕಣ್ಣು ಮುಚ್ಚಿದ. ಅವನ ತಪ್ಪಲ್ಲ. ನಾಲ್ಕು ಒಂದರಲ್ಲಿ ಸೋತೆವು. ಅವನು ಬಿಟ್ಟ ಮೂರರಲ್ಲಿ ಎರಡು ಗೋಲು ಎಡಗಡೆ ನೆಲಕ್ಕಂಟಿ ಬಂದವು, ನನ್ನ ಪಕ್ಕದಲ್ಲೇ ಹೋದವು. ಕಾಲು ಬಂದರೆ ತಾನೆ ನಾನು ಬರುವುದು!

ಮರುದಿನ ಕ್ರೀಡಾ ಕೋಣೆಯಲ್ಲಿ ಕಮತಗಿ ಸರ್ ಅವನಿಗೆ ಕುರ್ಚಿ ಹಾಕಿ ಕೂರಿಸಿದರು. ಮೂರು ವರ್ಷದಲ್ಲಿ ಮೊದಲ ಸಲ.

"ಆಗಿದ್ದಾತು. ನೋಡು, ಮೂರೂ ವರ್ಷ ಆಡೀ ಅಂತ ಕಾಲೇಜಿನ ಸರ್ಟಿಫಿಕೇಟ್ ಬರದು ಕೊಡತೇನಿ. ಪ್ರಿನ್ಸಿಪಾಲ್ರ ಸಹಿ ನಾ ಮಾಡಸ್ತೇನಿ. ರೈಲ್ವೆಕ ಹಾಕು. ಗದ್ದಲ ಮಾಡಬ್ಯಾಡ."

ತಗೋ ಹುಚ್ಚಾ, ತಗೋ ಎಂದು ನಾನು ಕಪಾಟಿನಲ್ಲಿ ಒದ್ದಾಡಿದೆ. ಬೂಟಿಗೆ ಮಣ್ಣು ಹತ್ತದವರಿಗೆಲ್ಲ ಸರ್ಟಿಫಿಕೇಟು ಸಿಕ್ಕಿದೆ, ನಿನಗೇಕೆ ಬೇಡ? ಅಪ್ಪನ ಎದೆ ನೋಡು, ತಗೋ!

"ಸರ್ಟಿಫಿಕೇಟ್ ತೊಗೊಂಡು ಹೋದ್ರ ಟ್ರಯಲ್ಸಿನ್ಯಾಗ ಕೇಳತಾರ್ರಿ, ಯಾವ ಮ್ಯಾಚ್ ಆಡೀಪಾ ಅಂತ. ಏನಂತ ಹೇಳ್ಲಿ?"

"ಏನರ ಹೇಳು."

"ಅದು ನಿಮಗ ಬರತೈತ್ರಿ. ನನಗ ಬರೂದಿಲ್ಲ. ಟಿ.ಸಿ. ಕೊಡ್ರಿ."

ಕೊಟ್ಟರು. ಬಾಗಿಲಲ್ಲಿ ಬಸಲಿಂಗ ನಿಂತಿದ್ದ, ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು.

"ರಾಜ್ಯಾ, ತಪ್ಪಾತೋ. ನಾ ಕೇಳಿದ್ದೆ ಸರ್‌ನ, ನಿನ್ನ ಹೆಸರ ಸೇರಸ್ರಿ ಅಂತ. 'ಅವನ್ನ ಸೇರಸಿದ್ರ ಗೋಲಿನ್ಯಾಗ ಅವನ ನಿಂದರತಾನ, ನೀ ಬೆಂಚಿಗೆ ಹೊಕ್ಕೀ, ನೋಡು' ಅಂದ್ರು. ನಾ ಅಂಜಿದೆ."

"ಒಂದ್ ಸರ್ತೆ ಸಹಿ ಮಾಡಿದ್ರ ತಪ್ಪಾತು ಅಂತಿದ್ದೆ ಬಸ್ಯಾ. ಎರಡ ವರ್ಷದಾಗ ಒಂಬತ್ತ ಮ್ಯಾಚು. ಒಂಬತ್ತ ಸರ್ತೆ ಸಹಿ ಮಾಡೀ. ಒಂಬತ್ತೂ ಸರ್ತೆ ನಾ ನಿನ್ನ ಬೆಲ್ಟ್ ಬಿಗಿದೀನಿ."

ಹೋದ. ಮತ್ತೆ ಆ ಕೋಣೆಗೆ ಬರಲಿಲ್ಲ. ಲಕ್ಷ್ಮೇಶ್ವರದ ಕಡೆ ಗಾದಿ ತುಂಬುತ್ತಾನೆ, ಅವನಿಗೂ ಈಗ ಕೆಮ್ಮು ಎಂದು ಒಮ್ಮೆ ಹೂಗಾರ ಯಾರಿಗೋ ಹೇಳುತ್ತಿದ್ದ. ಸುಳ್ಳಾಗಿರಲಿ ಎಂದುಕೊಂಡೆ. ಈ ಕೋಣೆಯಲ್ಲಿ ಅಷ್ಟು ಸುಳ್ಳು ಕೇಳಿದ್ದೇನೆ, ಇದೊಂದು ಸುಳ್ಳಾಗಬಾರದೆ?

ಆಮೇಲಿನ ವರ್ಷಗಳನ್ನು ಹೇಳಲು ನನಗೆ ಉತ್ಸಾಹವಿಲ್ಲ. ಎಷ್ಟೋ ಕಾಲಿಗೆ ಕಟ್ಟಿದರು, ಎಷ್ಟೋ ಏಟು ತಿಂದೆ. ಬಿಳುಪು ಹೋಯಿತು, ಎರಡು ಬಕಲ್ಲು ಹೋದವು. ಫೋಮಿನ ಹೊಸ ಪ್ಯಾಡು ಬಂದ ಮೇಲೆ ನಮ್ಮನ್ನು ಮೂಲೆಗೆ ಎಸೆದರು. ಅಣ್ಣನನ್ನು ಇಲಿ ಕಡಿದವು, ಅವನನ್ನು ಹೊರಗೆ ಹಾಕಿದರು. ಕಮತಗಿ ಸರ್ ದೊಡ್ಡ ಹಾರ ಹಾಕಿಸಿಕೊಂಡು ನಿವೃತ್ತರಾದರು. ಎರಡು ಕಪ್ಪು ತಂದ ಗುರು ಎಂದು ಭಾಷಣವಾಯಿತು. ಅವರ ಜಾಗಕ್ಕೆ ಬಂದವನು ಬಸಲಿಂಗ. ಈಗ ಅವನು ಮುಳ್ಳೂರ ಸರ್.

ನಾನು ಈಗ ಕಿಟಕಿಯ ಕೆಳಗೆ, ಮುರಿದ ಕುರ್ಚಿಯ ಮೇಲಿದ್ದೇನೆ. ಮೈದಾನದ ಮಾತೆಲ್ಲ ಕೇಳುತ್ತದೆ. ಮುಳ್ಳೂರ ಸರ್‌ಗೆ ಒಂದು ಪದ್ಧತಿ ಇದೆ. ಲಿಸ್ಟು ಕೊಡುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹದಿನಾರು ಹೆಸರನ್ನೂ ಜೋರಾಗಿ ಓದುತ್ತಾನೆ. ಹೆಸರಿಲ್ಲದವರ ಎದುರಿಗೆ ಹೋಗಿ, ಮುಖ ನೋಡಿ, "ನಿನ್ನ ಹೆಸರಿಲ್ಲ" ಎನ್ನುತ್ತಾನೆ. ಕೆಲವರು ಅಳುತ್ತಾರೆ, ಕೆಲವರು ಬೈದುಕೊಂಡು ಬೇರೆ ಕಾಲೇಜಿಗೆ ಹೋಗುತ್ತಾರೆ. ಆದರೆ ಯಾರೂ ಬೆಂಚಿನ ಮೇಲೆ ಮೋಸದಲ್ಲಿ ಕೂರುವುದಿಲ್ಲ. ಒಳ್ಳೆಯ ಪದ್ಧತಿ. ನಾನು ಒರಟ, ಆದರೂ ಅಷ್ಟನ್ನು ಒಪ್ಪುತ್ತೇನೆ.

ಬಡಿಯುವ ಚೆಂಡಿನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಅದು ಎದುರಿನಿಂದ ಬರುತ್ತದೆ. ನನ್ನ ಹಿಂದೆ ಬರೀ ಬೆಲ್ಟು ಇದೆ, ಅಲ್ಲಿ ಹತ್ತಿ ಇಲ್ಲ. ಆ ಕಡೆಯಿಂದ ಏಟು ಬೀಳುತ್ತದೆ ಎಂದು ನನ್ನನ್ನು ಹೊಲಿದ ಮುದುಕನಿಗೂ ಹೊಳೆದಿರಲಿಲ್ಲ.

ಮೊನ್ನೆ ಹುಡುಗಿಯರ ತಂಡದ ಲಿಸ್ಟು ಓದಿ ಮುಗಿದ ಮೇಲೆ ಹೊಸ ಗೋಲ್‌ಕೀಪರ್ ಹುಡುಗಿ ಕೇಳಿದಳು: "ಸರ, ಬ್ಯಾರೆ ಕಾಲೇಜಿನ್ಯಾಗ ಯಾರೂ ಹಿಂಗ ಓದೂದಿಲ್ರಿ. ನೀವ್ಯಾಕ ಓದತೀರಿ?"

ನಾನು ಕಿಟಕಿಯ ಕೆಳಗೆ ಒಂದು ಹೆಸರಿಗೆ ಕಾದೆ.

"ಯುನಿವರ್ಸಿಟಿ ಆರ್ಡರ್ ಐತವಾ" ಎಂದ ಮುಳ್ಳೂರ ಸರ್. ಲಿಸ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಅಂಥ ಆರ್ಡರು ಯಾವತ್ತೂ ಬಂದಿಲ್ಲ. ರಾಜೇಸಾಬ ನದಾಫ. ಆ ಹುಡುಗಿಗೆ ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.